ಮುಟ್ಟದೆ ಬಿಟ್ಟ ಪಾದಗಳು

ವಿಜಯಪುರ
ಜೂನ್ ೧೦, ೨೦೨೪

ಹೊಸ ಕೊಠಡಿಯ ಬಾಗಿಲಲ್ಲಿ ಕೂಡಿರುವ ಎಲ್ಲರಿಗೂ ಗೋಪಿನಾಥನ ನಮಸ್ಕಾರಗಳು.

ಹೈದರಾಬಾದಿನ ಈ ಆಸ್ಪತ್ರೆಯ ನರಪರೀಕ್ಷಾ ವಿಭಾಗದಲ್ಲಿ ಮೂವತ್ತೊಂದು ವರ್ಷ ತಂತ್ರಜ್ಞನಾಗಿ ದುಡಿದು, ಈಗ ವಿಜಯಪುರದ ಒಂದು ಮಹಡಿಯ ಕೋಣೆಯಲ್ಲಿ ಕುಳಿತಿರುವ ನನಗೆ ಇಂದು ಅಲ್ಲಿರಲು ಆಗಲಿಲ್ಲ. ನನ್ನ ಶಿಷ್ಯೆ ಗುರುದೇವಿ ಈ ಕಾಗದವನ್ನು ತೆಲುಗಿಗೆ ತಿರುಗಿಸಿ ಓದುತ್ತಾಳೆ. ಅವಳು ಎಲ್ಲಿಯಾದರೂ ತಡವರಿಸಿದರೆ ತಪ್ಪು ನನ್ನ ಉದ್ದನೆಯ ವಾಕ್ಯಗಳದು, ಅವಳದಲ್ಲ.

ಮೊದಲು ಹಿರಿಯರಿಗೆ ಕೃತಜ್ಞತೆ ಸಲ್ಲಿಸಬೇಕು. ಇಂಥ ಕೊಠಡಿಯೊಂದು ಬೇಕೆಂದು ಆರು ವರ್ಷ ಬಿಡದೆ ಕೇಳಿದ ಡಾ. ಸುಮತಿಯವರಿಗೆ ನಾನು ಋಣಿ. ರೋಗಿಗಳ ಹಳೆಯ ದಾಖಲೆಗಳನ್ನು ಇಲಿಗಳಿಂದ, ಸೋರುವ ಮಾಡಿನಿಂದ, ಹೊಸ ಅಧಿಕಾರಿಗಳ ಉತ್ಸಾಹದಿಂದ ಕಾಪಾಡಿದ ದಾಖಲೆ ಕೋಣೆಯ ನರಸಿಂಹ ಅವರಿಗೂ ಅಷ್ಟೇ ಋಣಿ.

ಈ ಕೊಠಡಿಯ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ನಮ್ಮ ಮೈಯಲ್ಲಿ ದಪ್ಪ ನರಗಳೂ ಇವೆ, ಬಹಳ ತೆಳುವಾದ ನರದೆಳೆಗಳೂ ಇವೆ. ನಾನು ಇಷ್ಟು ವರ್ಷ ನಡೆಸಿದ ಯಂತ್ರಕ್ಕೆ ದಪ್ಪ ನರಗಳ ಮಾತು ಮಾತ್ರ ಕೇಳಿಸುತ್ತಿತ್ತು. ಬಿಸಿ, ತಂಪು, ಉರಿ ಇವುಗಳನ್ನು ತಿಳಿಸುವವು ತೆಳುವಾದ ಎಳೆಗಳು. ಬೆವರು ಬರಿಸುವವು, ನಿಂತಾಗ ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವವು, ಹೊಟ್ಟೆಯನ್ನು ನಡೆಸುವವು ಕೂಡ ಅವೇ. ಅಮೈಲಾಯ್ಡೋಸಿಸ್ ಎಂಬ ಕಾಯಿಲೆಯಲ್ಲಿ, ಸರಿಯಾಗಿ ಮಡಚಿಕೊಳ್ಳದ ಒಂದು ಪ್ರೋಟೀನು ಮೈಯೊಳಗೆ ಅಲ್ಲಲ್ಲಿ ಕಿಟ್ಟದಂತೆ ಕೂಡುತ್ತದೆ. ಕೆಲವು ಮನೆತನಗಳಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಅಂಥವರಲ್ಲಿ ಬಹುಮಟ್ಟಿಗೆ ಮೊದಲು ಸಾಯುವವು ಪಾದಗಳ ತೆಳು ಎಳೆಗಳು. ಹಾಳಾದದ್ದು ಮರಳುವುದಿಲ್ಲ. ಆದರೆ ಹಾನಿಯನ್ನು ಮೊದಲೇ ಕಂಡರೆ ಅದನ್ನು ತಡೆದು ನಿಲ್ಲಿಸುವ ಔಷಧಗಳು ಈಗ ಬಂದಿವೆ.

ಆದ್ದರಿಂದ ಈ ಕೊಠಡಿಯಲ್ಲಿ ಪಾದಕ್ಕೆ ಬಿಸಿ, ತಂಪು ಕೊಟ್ಟು ಕೇಳುವಿರಿ, ಬೆವರನ್ನು ಅಳೆಯುವಿರಿ, ಕಣಕಾಲಿನ ಮೇಲಿನಿಂದ ಜೋಳದ ಕಾಳಿಗಿಂತ ಚಿಕ್ಕದಾದ ಚರ್ಮದ ತುಣುಕು ತೆಗೆದು ಅದರಲ್ಲಿ ಉಳಿದಿರುವ ಎಳೆಗಳನ್ನು ಎಣಿಸುವಿರಿ. ಯಂತ್ರ ‘ಎಲ್ಲ ಸರಿ’ ಎಂದಮೇಲೂ ‘ಉರಿಯುತ್ತದೆ’ ಎನ್ನುವವರನ್ನು ನಂಬುವ ಕೊಠಡಿ ಇದು. ಇಲ್ಲಿ ಕೆಲಸ ಕಲಿಯಲಿರುವ ಎಳೆಯರ ಮೇಲೆ ನನಗೆ ಅಪಾರ ಭರವಸೆಯಿದೆ.

ನಿಮ್ಮವನು,
ಗೋಪಿನಾಥ


ಹೈದರಾಬಾದು
ಜೂನ್ ೨೪, ೨೦೨೪

ಪೂಜ್ಯ ಗುರುಗಳಿಗೆ ಗುರುದೇವಿ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ಓದಿದೆ. ‘ಇಲಿಗಳಿಂದ’ ಎಂಬಲ್ಲಿ ಎಲ್ಲರೂ ನಕ್ಕರು, ನರಸಿಂಹ ಅವರು ಮಾತ್ರ ಕಣ್ಣೊರೆಸಿಕೊಂಡರು. ಫೋನಿನಲ್ಲಿ ನಿಮ್ಮ ಕಿವಿ ಅರ್ಧ ಮಾತನ್ನಷ್ಟೇ ಹಿಡಿಯುತ್ತದೆ ಎಂದಿದ್ದಿರಿ. ನನಗೂ ಕಾಗದವೇ ಹಿತ. ಸುಲ್ತಾನ್ ಬಜಾರಿನ ಈ ಕೋಣೆಗೆ ಸಂಜೆ ಮರಳಿದ ಮೇಲೆ ಕನ್ನಡದಲ್ಲಿ ಮಾತಾಡುವವರು ಯಾರೂ ಇಲ್ಲ.

ಕೊಠಡಿಯ ಮೊದಲ ರೋಗಿಯ ಹೆಸರು ಕೇಳಿದರೆ ನಿಮಗೆ ನೆನಪಾಗಬಹುದು. ಯಾದಗಿರಿ ಕಡೆಯ ಹುಲಗೇಶ. ಕಾಂಕ್ರೀಟು ಸುರಿಯಲು ತಗಡಿನ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸದವರು. ಈಗ ನಲವತ್ತಾರು ವರ್ಷ, ಆದರೆ ಮೈಮೇಲೆ ಮಾಂಸವೇ ಉಳಿದಿಲ್ಲ. ಹೆಂಡತಿ ಅನ್ನಮ್ಮ ಬೇಗಂ ಬಜಾರಿನ ಗೋದಾಮೊಂದರಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾರೆ. ತಮ್ಮ ಚನ್ನು ಬಾಲಾನಗರದ ಬಳಿ ಕಟ್ಟಡಕ್ಕೆ ಕಬ್ಬಿಣ ಕಟ್ಟುತ್ತಾನೆ. ಅವನಿಗೆ ಮೂವತ್ತೈದು. ಮೂವರೂ ಒಟ್ಟಿಗೇ ಬಂದಿದ್ದರು.

“ಏಳ್ರಿ ಮಹಾರಾಜರ, ಅಕ್ಕಾರು ಕರ್ಯಾಕತ್ತಾರ,” ಎಂದರು ಅನ್ನಮ್ಮ.

“ಎದ್ರ ಕಣ್ಣಿಗೆ ಕತ್ತಲ ಬರತೈತಿ, ಕುಂತ್ರ ಇಕಿ ಬೈತಾಳ. ಎರಡರಾಗ ಯಾವುದು ಚಲೋ, ನೀವ ಹೇಳ್ರಿ ಅಕ್ಕಾರ,” ಎಂದರು ಹುಲಗೇಶ.

ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಅವರ ಮುಖ ಅರಳಿತು. “ಹತ್ತ ವರ್ಷದ ಹಿಂದ ಇಲ್ಲಿ ಕನ್ನಡದ ಸರ್ ಒಬ್ಬರಿದ್ರು. ಗೋಪಿನಾಥ ಸರ್. ನನಗ ತಮ್ಮ ಕಪ್ಪಿನಾಗ ಚಾ ಕುಡಿಸಿದ್ರು. ಭಾಳ ಮರ್ಯಾದಿ ಮನಷ್ಯಾರ್ರೀ ಅವರು.”

ಚನ್ನು ಸುಮ್ಮನಿರುವವನಲ್ಲ. “ನಮ್ಮಣ್ಣಗ ಯಾರಾರ ಒಂದ ಕಪ್ ಚಾ ಕುಡಿಸಿದ್ರ ಮುಗೀತ್ರಿ, ಅವರ ಫೋಟೋಕ್ಕ ಹಾರ ಹಾಕೋದೊಂದ ಬಾಕಿ.”

ಹುಲಗೇಶ ನಿಮ್ಮ ಬಗ್ಗೆ ಇನ್ನೂ ಕೆಲವು ಮಾತು ಹೇಳಿದರು. ಎಲ್ಲವನ್ನೂ ಬರೆದರೆ ಕಾಗದ ಸಾಲದು.

ಅವರಿಗೆ ಮನೆತನದ ಅಮೈಲಾಯ್ಡೋಸಿಸ್ ಇರುವುದು ಈ ವರ್ಷ ಖಚಿತವಾಗಿದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷ ಚನ್ನುವಿಗೂ ಇಳಿದಿದೆಯೆಂದು ರಕ್ತದ ಪರೀಕ್ಷೆಯಲ್ಲಿ ತಿಳಿಯಿತು. ಆದರೆ ದೋಷ ಇದ್ದಮಾತ್ರಕ್ಕೆ ಕಾಯಿಲೆ ಶುರುವಾಗಿದೆ ಎಂದಲ್ಲ. ಶುರುವಾದದ್ದು ಕಂಡರೆ ಮಾತ್ರ ಔಷಧ ಸಿಗುತ್ತದೆ. ಅದನ್ನು ಯಾವಾಗ ಹುಡುಕಬೇಕು ಎಂದು ಗೊತ್ತುಮಾಡಲು ಡಾ. ಸುಮತಿಯವರು ಅಣ್ಣನಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು ಎಂಬುದನ್ನು ನೋಡುತ್ತಾರೆ.

ನರಸಿಂಹ ಅವರು ಹಳೆಯ ದಾಖಲೆ ಹುಡುಕಿ ಕೊಟ್ಟರು. ೨೦೧೪, ಹುಲಗೇಶ, ವಯಸ್ಸು ಮೂವತ್ತಾರು, ಕಾಲುರಿ ಎಂದು ಬಂದವರು. ಯಂತ್ರದ ಪರೀಕ್ಷೆ ಸರಿ. ಪಾದದ ಕಾಲಮ್ಮಿನಲ್ಲಿ ‘ಬಿಸಿ: ಸರಿ, ತಂಪು: ಸರಿ’ ಎಂದು ನಿಮ್ಮ ಕೈಬರಹ, ಕೆಳಗೆ ನಿಮ್ಮ ಸಹಿ. ಆ ಕಾಗದ ನೋಡಿ ಅಂದಿನ ವೈದ್ಯರು ಇದು ಮನಸ್ಸಿನ ಉರಿ ಎಂದು ಹೇಳಿ ಕಳಿಸಿದ್ದರಂತೆ. ಕಾಲಿನ ನರಗಳು ಕೆಟ್ಟಿವೆ ಎಂದು ಮೊದಲು ದಾಖಲಾದದ್ದು ೨೦೧೯ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ.

ಗುರುಗಳೇ, ಕಲಿಯುವ ಆಸೆಯಿಂದ ಕೇಳುತ್ತೇನೆ. ಆ ದಿನಗಳಲ್ಲಿ ಪಾದಕ್ಕೆ ಬಿಸಿ, ತಂಪಿನ ಪರೀಕ್ಷೆಯನ್ನು ಹೇಗೆ ಮಾಡುತ್ತಿದ್ದಿರಿ?

ನಿಮ್ಮ ವಿಧೇಯ ಶಿಷ್ಯೆ,
ಗುರುದೇವಿ


ವಿಜಯಪುರ
ಜುಲೈ ೪, ೨೦೨೪

ಚಿರಂಜೀವಿ ಗುರುದೇವಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಕ್ಷರ ಇನ್ನೂ ಚೆನ್ನಾಗಿದೆ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯಾ? ಸುಲ್ತಾನ್ ಬಜಾರಿನಲ್ಲಿ ಹಿಂದೆ ನಮ್ಮ ಕಡೆಯ ಒಬ್ಬ ಹೆಂಗಸು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಈಗಲೂ ಇದ್ದಾಳೋ ವಿಚಾರಿಸು.

ನೀನು ಕೇಳಿದ ಪರೀಕ್ಷೆಯ ವಿಧಾನ ಹೀಗಿತ್ತು. ಎರಡು ಗಾಜಿನ ನಳಿಕೆಗಳು, ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ರೋಗಿ ಕಣ್ಣು ಮುಚ್ಚಬೇಕು. ಪಾದದ ಮೇಲ್ಭಾಗಕ್ಕೆ ಒಂದೊಂದಾಗಿ ಇಟ್ಟು ಕೇಳಬೇಕು. ಸರದಿ ಅದಲುಬದಲಾಗಿರಬೇಕು, ಇಲ್ಲವಾದರೆ ರೋಗಿ ಲೆಕ್ಕ ಹಾಕಿ ಉತ್ತರ ಹೇಳುತ್ತಾನೆ.

ನಿನ್ನ ಹೊಸ ಯಂತ್ರದಲ್ಲಿ ಇನ್ನೂ ಒಂದು ಎಚ್ಚರ ಬೇಕು. ನಮ್ಮ ಜನ ಸಭ್ಯರು. ಓದಿದವರು ‘ಬಿಸಿ ತಾಗಿತೆ?’ ಎಂದು ಕೇಳಿದರೆ ‘ಇಲ್ಲ’ ಎನ್ನುವುದು ಅವರಿಗೆ ಒರಟಾಗಿ ತೋರುತ್ತದೆ. ಆದ್ದರಿಂದ ನಡುನಡುವೆ ಖಾಲಿ ಸರದಿ ಹಾಕು. ಯಂತ್ರದ ಬಿಸಿ ತಾಗಿಸುವ ಬಿಲ್ಲೆ ಪಾದದ ಮೇಲಿರಲಿ, ಬಿಸಿ ಮಾತ್ರ ಕಳಿಸಬೇಡ. ಆಗಲೂ ‘ಹೌದು’ ಎಂದರೆ ಅದು ಪಾದದ ಉತ್ತರವಲ್ಲ, ಸೌಜನ್ಯದ ಉತ್ತರ. ಅಂಥ ಉತ್ತರದ ಮೇಲೆ ಏನನ್ನೂ ಬರೆಯಬೇಡ.

ಹುಲಗೇಶನ ನೆನಪಿದೆ. ಒಳ್ಳೆಯ ಮನುಷ್ಯ. ಅಂದಿನ ದಾಖಲೆಯ ವಿಷಯದಲ್ಲಿ ನಾನು ಹೇಳಬೇಕಾದ ವಿಶೇಷವೇನೂ ಇಲ್ಲ. ಪದ್ಧತಿ ಮೇಲೆ ಬರೆದಂತೆಯೇ ಇತ್ತು.

ಇಲ್ಲಿ ಎಲ್ಲ ಕ್ಷೇಮ. ಈ ವಾರ ನನ್ನೊಡನೆ ಮಾತಾಡಿದವರು ಹಾಲಿನವನು ಮತ್ತು ಬ್ಯಾಂಕಿನ ಕಾವಲುಗಾರ. ಕಾವಲುಗಾರ ಸಾಲಿನಲ್ಲಿ ಸರಿದು ನಿಲ್ಲಲು ಹೇಳಿದ. ಅದೂ ಮಾತೇ ತಾನೆ.

ಆಶೀರ್ವಾದಗಳೊಂದಿಗೆ,
ಗೋಪಿನಾಥ


ಹೈದರಾಬಾದು
ಜುಲೈ ೧೯, ೨೦೨೪

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ರೊಟ್ಟಿಯ ಹೆಂಗಸು ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ.

ನಿಮಗೆ ಸಂತೋಷವಾಗುವ ಸುದ್ದಿಯಿದೆ. ನಿನ್ನೆ ಸರದಿಪಟ್ಟಿಯ ಸಭೆ ನಡೆಯಿತು. ನಮ್ಮಲ್ಲಿ ಯಂತ್ರ ಒಂದೇ, ಚರ್ಮದ ಎಳೆ ಎಣಿಸಬಲ್ಲವರು ಒಬ್ಬರೇ. ವಾರಕ್ಕೆ ಇಬ್ಬರನ್ನು ಮಾತ್ರ ಪೂರ್ತಿ ಪರೀಕ್ಷಿಸಬಹುದು. ಪಟ್ಟಿಯಲ್ಲಿ ನೂರಾಮೂವತ್ತು ಹೆಸರುಗಳಿವೆ. ಯಾರು ಮೊದಲು ಎಂಬ ಪ್ರಶ್ನೆ ಬಂದಾಗ ಡಾ. ಸುಮತಿಯವರು ನಿಮ್ಮ ೨೦೧೪ರ ಹಾಳೆಯನ್ನು ಎತ್ತಿ ಹಿಡಿದರು.

“ಇದು ಗೋಪಿನಾಥ್ ಅವರ ಕೈಬರಹ. ಇದರ ಮೇಲೆ ನಾನು ಕಣ್ಣುಮುಚ್ಚಿ ನಿರ್ಧಾರ ತೆಗೆದುಕೊಳ್ಳಬಲ್ಲೆ,” ಎಂದರು. ಮೂವತ್ತಾರರಲ್ಲಿ ಅಣ್ಣನ ಪಾದ ಸರಿಯಿತ್ತು, ನಲವತ್ತೊಂದರ ಹೊತ್ತಿಗೆ ಕೆಟ್ಟಿತ್ತು. ತಮ್ಮನಿಗೆ ಈಗ ಮೂವತ್ತೈದು. ಆದ್ದರಿಂದ ಅವನಿಗೆ ಇನ್ನೂ ಕಾಲಾವಕಾಶವಿದೆ ಎಂದು ತೀರ್ಮಾನವಾಯಿತು. ಚನ್ನುವಿನ ಸರದಿ ಮುಂದಿನ ವರ್ಷದ ಡಿಸೆಂಬರಿಗೆ ಹೋಯಿತು.

ಚನ್ನುವಿಗೆ ಹೇಳಿದೆ. “ಡಿಸೆಂಬರ? ಅಷ್ಟೊತ್ತಿಗೆ ಈ ಬಿಲ್ಡಿಂಗ್ ಮುಗದು ಇನ್ನೊಂದ ಎದ್ದಿರತೈತಿ. ಬರ್ತೀನ್ರಿ ಅಕ್ಕಾ, ನೀವು ಚಾ ಕುಡಿಸ್ತೀನಂದ್ರ,” ಎಂದ. ಅನ್ನಮ್ಮ ಅವನ ತಲೆಗೆ ಮೊಟಕಿದರು. “ಅಣ್ಣನ ಪಾಡ ನೋಡಿಯಾದ್ರೂ ಬುದ್ಧಿ ಬರವಲ್ದು ನಿನಗ.” ಅವನು ನಕ್ಕ. ಆಮೇಲೆ ನನ್ನನ್ನು ಬಾಗಿಲ ಬಳಿ ಕರೆದು ಮೆಲ್ಲಗೆ ಕೇಳಿದ: “ಅಕ್ಕಾ, ಅಣ್ಣನಂಗ ನನಗೂ ಆಗತೈತೇನ್ರಿ? ಖರೇ ಹೇಳ್ರಿ. ನನ್ನ ಮಗಳಿಗೆ ಇನ್ನಾ ಎರಡ ವರ್ಷ.”

ಇನ್ನೂ ಸಮಯವಿದೆ ಎಂದೆ. ಆ ಮಾತು ನಾಲಿಗೆಯ ಮೇಲೆ ಭಾರವಾಗಿತ್ತು, ಏಕೆಂದು ತಿಳಿಯದು. ನೀವು ಇಲ್ಲಿದ್ದಿದ್ದರೆ ಕೇಳುತ್ತಿದ್ದೆ.

ನಿಮ್ಮ ಶಿಷ್ಯೆ,
ಗುರುದೇವಿ


ಹೈದರಾಬಾದು
ಆಗಸ್ಟ್ ೧೬, ೨೦೨೪

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಾನು ಬರೆದು ನಾಲ್ಕು ವಾರವಾಯಿತು, ನಿಮ್ಮ ಉತ್ತರವಿಲ್ಲ. ಅಂಚೆಯವನನ್ನು ದಿನವೂ ಕೇಳಿ ಕೇಳಿ, ಈಗ ಅವನು ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸಿ ಇಲ್ಲವೆನ್ನುತ್ತಾನೆ.

ನಾನು ಜೂನಿನಲ್ಲಿ ಹಾಗೆ ಕೇಳಬಾರದಿತ್ತು. ನಿಮ್ಮ ಕೈಕೆಳಗೆ ಕೆಲಸ ಕಲಿತವಳು ನಿಮ್ಮ ಕೆಲಸದ ರೀತಿಯನ್ನೇ ಪ್ರಶ್ನಿಸಿದಂತಾಯಿತು. ನಿಮಗೆ ನೋವಾಗಿದ್ದರೆ ಮನ್ನಿಸಿ. ಆ ದಾಖಲೆಯ ಬಗ್ಗೆ ಇನ್ನು ಮುಂದೆ ನಾನು ಏನನ್ನೂ ಕೇಳುವುದಿಲ್ಲ.

ಹುಲಗೇಶ ಮೊನ್ನೆ ಎದ್ದು ನಿಂತವರು ಹಾಗೇ ಕುಸಿದು ಬಿದ್ದರು. ನಿಂತಾಗ ರಕ್ತದೊತ್ತಡ ಪೂರಾ ಇಳಿದುಹೋಗುತ್ತದೆ. ವಾರ್ಡಿನಲ್ಲಿದ್ದಾರೆ. ಚನ್ನು ರಾತ್ರಿ ಪಾಳಿ ಬಿಟ್ಟು ಅಣ್ಣನ ಬಳಿ ಕೂರುತ್ತಾನೆ. ಮಾತಿಗೆ ಮಾತು ಬಂದು ಒಂದು ಸಂಗತಿ ಹೇಳಿದ. ಬೇಸಿಗೆಯಲ್ಲಿ ಕಾದ ಸೆಂಟ್ರಿಂಗ್ ತಗಡಿನ ಮೇಲೆ ಬರಿಗಾಲಿನಲ್ಲಿ ಉಳಿದವರೆಲ್ಲ ಕುಣಿಯುವಾಗ ಇವನೊಬ್ಬ ನಿಂತೇ ಇರುತ್ತಿದ್ದನಂತೆ. “ನನ್ನ ಪಾದ ಉಕ್ಕಿನವ್ರಿ ಅಕ್ಕಾ. ಮೇಸ್ತ್ರಿ ಎಲ್ಲಾರಿಗೂ ನನ್ನ ತೋರಿಸಿ, ನೋಡ್ರಿ ಗಂಡಸಂದ್ರ ಇವ ಅಂತಾನ.”

ಡಾ. ಸುಮತಿಯವರಿಗೆ ಹೇಳಿದೆ. ಕೂಲಿಕಾರರ ಅಂಗಾಲು ದಪ್ಪಗಟ್ಟಿರುತ್ತದೆ, ಅಷ್ಟರಿಂದಲೇ ಬೇರೆಯವರ ಸರದಿ ಕಿತ್ತು ಇವನಿಗೆ ಕೊಡಲಾಗದು, ಬರೆದಿಡು ಎಂದರು. ಬರೆದಿಟ್ಟಿದ್ದೇನೆ.

ನೀವು ಆರೋಗ್ಯವಾಗಿದ್ದೀರಿ ಎಂಬ ಒಂದು ಸಾಲು ಬಂದರೂ ಸಾಕು.

ಗುರುದೇವಿ


ವಿಜಯಪುರ
ಆಗಸ್ಟ್ ೨೪, ೨೦೨೪

ಮಗಳೇ ಗುರುದೇವಿ,

ನೀನು ಕ್ಷಮೆ ಕೇಳಿದ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ತಪ್ಪು ಮಾಡಿದವನು ಸುಮ್ಮನೆ ಕುಳಿತಿರುವಾಗ, ತಪ್ಪಿಲ್ಲದವಳು ಕೈಮುಗಿದದ್ದನ್ನು ಸಹಿಸಲಾಗಲಿಲ್ಲ. ಜುಲೈಯಲ್ಲಿ ನಿನ್ನ ಕಾಗದ ಬಂದಾಗಿನಿಂದ ಆರು ಸಲ ಬರೆಯಲು ಕುಳಿತು ಆರು ಸಲ ಹರಿದಿದ್ದೇನೆ. ನಿನ್ನ ಪ್ರಶ್ನೆ ಸರಿಯಾಗಿತ್ತು. ನನ್ನ ಉತ್ತರ ಸುಳ್ಳಾಗಿತ್ತು. ಪದ್ಧತಿ ಏನೆಂದು ಬರೆದೆ, ಆ ದಿನ ನಡೆದದ್ದನ್ನು ಬರೆಯಲಿಲ್ಲ.

ಅಂದು ಮಧ್ಯಾಹ್ನ ಹುಲಗೇಶ ಒಬ್ಬನೇ ಬಂದಿದ್ದ. ಕೆಲಸದಿಂದ ನೇರವಾಗಿ ಬಂದವನು, ಮೊಣಕಾಲಿನವರೆಗೆ ಸಿಮೆಂಟು. ಕನ್ನಡ ಕೇಳಿ ಇಬ್ಬರಿಗೂ ಹಿಗ್ಗಾಯಿತು. ಯಂತ್ರದ ತಂತಿಗಳನ್ನು ಕಾಲಿಗೆ ಅವನೇ ಅಂಟಿಸಿಕೊಂಡ, ನಾನು ಜಾಗ ತೋರಿಸಿದೆ ಅಷ್ಟೇ. ಅದು ಮುಗಿದ ಮೇಲೆ ನಾನು ನಳಿಕೆಗಳನ್ನು ಹಿಡಿದು ಅವನ ಪಾದದ ಬಳಿ ಕುಕ್ಕರಗಾಲಿನಲ್ಲಿ ಕೂತೆ. ಅವನು ಬೆಂಕಿ ತಾಗಿದವನಂತೆ ಕಾಲು ಎಳೆದುಕೊಂಡ.

“ಬ್ಯಾಡ್ರಿ ಸರ. ನೀವು ನನ್ನ ಕಾಲ ಮುಟ್ಟಬಾರದು. ನೀವು ವಯಸ್ಸಿನಾಗ ದೊಡ್ಡವರು, ಓದಿದವರು. ನನಗ ಪಾಪ ಸುತ್ತಕೋತೈತಿ.”

“ಇದು ಪರೀಕ್ಷೆಪ್ಪಾ, ಪೂಜೆಯಲ್ಲ,” ಎಂದೆ.

“ಏನರ ಆಗ್ಲಿ ಸರ. ಕೈ ನೋಡ್ರಿ, ಎಷ್ಟ ಬೇಕ ಅಷ್ಟ ನೋಡ್ರಿ. ಕಾಲ ಮಾತ್ರ ಬ್ಯಾಡ.” ಅವನ ಕಣ್ಣಲ್ಲಿ ನೀರಿತ್ತು. ಇನ್ನೊಮ್ಮೆ ಒತ್ತಾಯಿಸುವುದು ಅವನಿಗೆ ಅವಮಾನ ಮಾಡಿದಂತೆ ಎನಿಸಿತು. ಕೈಗೆ ನಳಿಕೆ ಇಟ್ಟೆ. ಹತ್ತಕ್ಕೆ ಹತ್ತೂ ಸರಿ ಹೇಳಿದ. ಯಂತ್ರವೂ ಕಾಲಿನ ನರ ಸರಿಯೆಂದಿತ್ತು. ಚಹ ತರಿಸಿದೆ. ಅವನು ಕುಡಿಯುತ್ತಿರುವಾಗ ನಾನು ಹಾಳೆ ತುಂಬಿದೆ. ಪಾದದ ಕಾಲಮ್ಮು ಖಾಲಿ ಉಳಿದಿತ್ತು. ಖಾಲಿ ಬಿಟ್ಟರೆ ಮೇಲಿನವರು ಅವನನ್ನು ಮತ್ತೆ ಕರೆಸುತ್ತಾರೆ, ಅವನ ಒಂದು ದಿನದ ಕೂಲಿ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ‘ಸರಿ’ ಎಂದು ಬರೆದೆ. ಅದನ್ನು ಮರ್ಯಾದೆ ಎಂದು ಭಾವಿಸಿದೆ. ಚಹಕ್ಕೆ ಅವನು ಕೈಮುಗಿದಾಗ ಹೆಮ್ಮೆಯನ್ನೂ ಪಟ್ಟೆ.

ಅವನು ಉರಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದ, ಗುರುದೇವಿ. ಮೂವತ್ತಾರರಲ್ಲಿ ಅವನ ಪಾದ ಸರಿಯಿತ್ತು ಎಂಬುದಕ್ಕೆ ಲೋಕದಲ್ಲಿ ಯಾವ ಆಧಾರವೂ ಇಲ್ಲ. ಬಹುಶಃ ಆಗಲೇ ಶುರುವಾಗಿತ್ತು. ಚನ್ನುವಿಗೆ ಈಗ ಮೂವತ್ತೈದು. ತಗಡಿನ ಮೇಲೆ ನಿಲ್ಲುವ ಆ ಪಾದಗಳಿಗೆ ನನ್ನ ಒಂದು ಶಬ್ದ ಅಡ್ಡ ನಿಂತಿದೆ.

ಇದರೊಂದಿಗೆ ಸಹಿ ಮಾಡಿದ ಹೇಳಿಕೆ ಇಟ್ಟಿದ್ದೇನೆ. ‘೨೦೧೪ರಲ್ಲಿ ಹುಲಗೇಶ ಅವರ ಪಾದಗಳ ಪರೀಕ್ಷೆ ನಡೆದಿಲ್ಲ. ಆ ನಮೂದು ಸುಳ್ಳು. ಅದನ್ನು ಆಧರಿಸಿದ ನಿರ್ಧಾರವನ್ನು ದಯವಿಟ್ಟು ಹಿಂತೆಗೆದುಕೊಳ್ಳಿ.’ ಡಾ. ಸುಮತಿಯವರ ಕೈಗೆ ಕೊಡು. ನನ್ನ ಹೆಸರಿಗೆ ಏನಾಗುತ್ತದೆ ಎಂದು ಒಂದು ಗಳಿಗೆಯೂ ಯೋಚಿಸಬೇಡ. ಆ ಯೋಚನೆಗೆ ನಾನೇ ಏಳು ವಾರ ಕೊಟ್ಟಿದ್ದೇನೆ, ಅದು ಸಾಕು.

ಗೋಪಿನಾಥ


ಹೈದರಾಬಾದು
ಸೆಪ್ಟೆಂಬರ್ ೧೯, ೨೦೨೪

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಫಲಿತಾಂಶ ಕೈಗೆ ಬರದೆ ಬರೆಯಬಾರದೆಂದು ಕಾದೆ.

ಮೊದಲು ನನ್ನ ತಪ್ಪು. ಜೂನಿನ ಆ ಮೊದಲ ದಿನವೇ ಹುಲಗೇಶ ನನಗೆ ಹೇಳಿದ್ದರು: “ನಾ ಬ್ಯಾಡ ಅಂದೆ ಅಂತ ಸರ್ ನನ್ನ ಕಾಲ ಮುಟ್ಟಲಿಲ್ರಿ. ಅಂಥಾ ಮನಷ್ಯಾರು ಈಗ ಎಲ್ಲಿ ಸಿಗತಾರ.” ಆ ಮಾತು ಕೇಳಿದ ಮೇಲೆ ಹಾಳೆಯಲ್ಲಿ ನಿಮ್ಮ ‘ಸರಿ’ಯನ್ನು ಎರಡೆರಡು ಸಲ ನೋಡಿದೆ. ಹತ್ತು ವರ್ಷದ ಹಿಂದಿನ ನೆನಪು, ತಪ್ಪಿರಬಹುದು ಎಂದುಕೊಂಡೆ. ನಿಮ್ಮನ್ನು ನೇರವಾಗಿ ಕೇಳಲು ಅಳುಕಿ, ಕಲಿಯುವ ಆಸೆ ಎಂದು ಸುತ್ತಿ ಬಳಸಿ ಕೇಳಿದೆ. ನಿಮ್ಮ ಉತ್ತರ ಬಂದಾಗ ಅದನ್ನೇ ನಂಬಲು ಹೊರಟೆ. ಸಭೆಯಲ್ಲಿ ಹಾಳೆ ಎತ್ತಿ ಹಿಡಿದಾಗ ನಾನು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಹಿರಿಯರ ಮರ್ಯಾದೆ ಎಂದುಕೊಂಡು ಚನ್ನುವಿಗೆ ಡಿಸೆಂಬರ್ ಎಂದು ಹೇಳಿದವಳು ನಾನೇ. ಇದನ್ನೂ ಡಾ. ಸುಮತಿಯವರಿಗೆ ತಿಳಿಸಿದ್ದೇನೆ.

ಅವರು ನಿಮ್ಮ ಹೇಳಿಕೆ ಓದಿ ಸರದಿಪಟ್ಟಿಯನ್ನು ಹತ್ತಿರ ಎಳೆದುಕೊಂಡರು. ಬೈಯುತ್ತಾರೆ ಎಂದು ಕಾದೆ. “ಚನ್ನುವಿಗೆ ಫೋನು ಮಾಡು,” ಎಂದಷ್ಟೇ ಅಂದರು. ಫೋನು ಹತ್ತಲಿಲ್ಲ. ಬಾಲಾನಗರಕ್ಕೆ ನಾನೇ ಹೋದೆ. ಏಳನೆಯ ಅಂತಸ್ತಿನಿಂದ ಅವನು ಕೂಗಿದ: “ಅಕ್ಕಾ, ಡಿಸೆಂಬರ್ ಇಷ್ಟ ಲಗೂ ಬಂತೇನ್ರಿ?”

ಕೊಠಡಿಯಲ್ಲಿ ಅವನೂ ಕಾಲು ಎಳೆದುಕೊಂಡ. “ಹೆಣ್ಮಕ್ಕಳ ಕೈಲೆ ಕಾಲ ಮುಟ್ಟಿಸಿಕೊಂಡ್ರ ಹೆಂಗ್ರಿ?” ನಾನು ನೆಲದ ಮೇಲೆ ಕೂತೆ. “ನನಗೆ ಅಣ್ಣ ಇಲ್ಲ ಚನ್ನಣ್ಣಾ. ಅಣ್ಣನ ಕಾಲು ತಂಗಿ ಮುಟ್ಟಿದರೆ ಯಾರಿಗೂ ಪಾಪವಿಲ್ಲ. ಮಗಳ ಸಲುವಾಗಿ ಕೊಡು,” ಎಂದೆ. ಅವನು ಮುಖ ಆಚೆ ತಿರುಗಿಸಿ ಕಾಲು ಚಾಚಿದ.

ಬಿಸಿ ಕಳಿಸಿದೆ. “ತಾಗತೈತ್ರಿ,” ಎಂದ. ಖಾಲಿ ಸರದಿ ಹಾಕಿದೆ. “ತಾಗತೈತ್ರಿ,” ಎಂದ. ಮತ್ತೆ ಖಾಲಿ. “ಹೂಂ ರಿ, ಚಲೋ ತಾಗತೈತಿ.” ಅನ್ನಮ್ಮನಿಗೆ ತಡೆಯಲಾಗಲಿಲ್ಲ. “ಅಕ್ಕಾರು ಗುಂಡೀನ ಒತ್ತಿಲ್ಲೋ ಹುಚ್ಚಪ್ಯಾ! ಯಾರನ್ನ ಖುಷಿ ಮಾಡಾಕ ಸುಳ್ಳ ಹೇಳತಿ?” ಚನ್ನು ನಗಲಿಲ್ಲ. ನನ್ನ ಕೈಯಲ್ಲಿದ್ದ ತನ್ನ ಪಾದವನ್ನು ನೋಡುತ್ತ ಕುಳಿತ. “ಅಕ್ಕಾ, ನೀವು ಹಿಡದದ್ದು ಗೊತ್ತಾಗತೈತಿ. ಬಿಸಿ ಯಾವುದು, ತಂಪ ಯಾವುದು ಅನ್ನೋದ ತಿಳಿವಲ್ದು,” ಎಂದ.

ಚರ್ಮದ ತುಣುಕಿನ ಫಲಿತಾಂಶ ನಿನ್ನೆ ಬಂತು. ಕಣಕಾಲಿನ ಬಳಿ ಇರಬೇಕಾದ ಎಳೆಗಳಲ್ಲಿ ಮೂರರಲ್ಲಿ ಒಂದು ಭಾಗವೂ ಉಳಿದಿಲ್ಲ. ಕೆಂಪು ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ನೋಡಿದರೆ ಆ ಪ್ರೋಟೀನು ಹಸಿರಾಗಿ ಹೊಳೆಯಿತು. ಕಾಯಿಲೆ ಶುರುವಾಗಿದೆ. ಆದರೆ ತೊಡೆಯಿಂದ ತೆಗೆದ ಇನ್ನೊಂದು ತುಣುಕಿನಲ್ಲಿ ಎಳೆಗಳು ಬಹುಪಾಲು ಚೆನ್ನಾಗಿವೆ, ನಿಂತಾಗ ರಕ್ತದೊತ್ತಡ ಇಳಿಯುವುದಿಲ್ಲ, ಹೃದಯಕ್ಕೆ ಏನೂ ಆಗಿಲ್ಲ. ಔಷಧ ಕೊಡಲು ಇದೇ ಸರಿಯಾದ ಕಾಲ ಎಂದರು ಡಾ. ಸುಮತಿ. ಆಸ್ಪತ್ರೆಯ ಸಮಿತಿ ಒಪ್ಪಿದೆ. ಸೋಮವಾರ ಮೊದಲ ಚುಚ್ಚುಮದ್ದು.

ಹುಲಗೇಶ ಅವರಿಗೆ ಎಲ್ಲವನ್ನೂ ತಿಳಿಸಿದೆ, ನಿಮ್ಮ ಹೇಳಿಕೆಯನ್ನೂ ಓದಿ ಹೇಳಿದೆ. ಅವರು ನಿಮ್ಮ ಮೇಲೆ ಸಿಟ್ಟಾಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ ಒಂದೇ ಮಾತು ಕೇಳಿದರು: “ಅವತ್ತ ನಾ ಕಾಲ ಕೊಟ್ಟಿದ್ರ ನಡೀತಿತ್ತೇನ್ರಿ ಅಕ್ಕಾರ? ತಪ್ಪ ನಂದ ಆತೇನು?”

ಇದರ ಉತ್ತರವನ್ನು ನೀವು ಹೇಳಬೇಕು.

ಗುರುದೇವಿ


ವಿಜಯಪುರ
ಸೆಪ್ಟೆಂಬರ್ ೨೫, ೨೦೨೪

ಮಗಳೇ ಗುರುದೇವಿ,

ಹುಲಗೇಶನಿಗೆ ಉತ್ತರವನ್ನು ಕಾಗದದಲ್ಲಿ ಕಳಿಸುವುದು ಸರಿಯಲ್ಲ. ತಪ್ಪು ಅವನದಲ್ಲವೆಂದು ನಾನೇ ಎದುರು ಕುಳಿತು ಹೇಳಬೇಕು. ರೋಗಿ ಬೇಡವೆಂದರೆ ‘ಪರೀಕ್ಷೆ ಆಗಲಿಲ್ಲ’ ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ಆ ಎರಡು ಶಬ್ದ ಬರೆದಿದ್ದರೆ ಇನ್ನೊಬ್ಬ ವೈದ್ಯ, ಇನ್ನೊಂದು ದಿನ, ಇನ್ನೊಂದು ರೀತಿಯಲ್ಲಿ ಅವನನ್ನು ಒಪ್ಪಿಸುತ್ತಿದ್ದ. ಅಕ್ಟೋಬರ್ ೬ರ ಭಾನುವಾರದ ಬಸ್ಸಿಗೆ ಟಿಕೆಟು ತೆಗೆದಿದ್ದೇನೆ. ಅವನ ಮುಖ ನೋಡಲು ನನಗೆ ಭಯವಿದೆ. ಆದರೂ ಬರುತ್ತೇನೆ.

ನಿನ್ನ ತಪ್ಪನ್ನು ಬರೆದೆಯಲ್ಲ, ಅದನ್ನು ಓದಿ ನನಗೆ ದುಃಖವಾಯಿತು, ಭರವಸೆಯೂ ಬಂತು. ನಾನು ಹತ್ತು ವರ್ಷ ತೆಗೆದುಕೊಂಡೆ, ನೀನು ಮೂರು ತಿಂಗಳು. ನಿನ್ನ ಕೈಕೆಳಗೆ ಕಲಿಯುವವರು ಮೂರು ದಿನ ತೆಗೆದುಕೊಳ್ಳಲಿ. ಅವರು ನಿನ್ನನ್ನು ಪ್ರಶ್ನಿಸಲು ಹೆದರದಂತೆ ನೋಡಿಕೊ.

ಈಗ ಕೇಳು. ಕಾಲು ಎಳೆದುಕೊಂಡವನು ಹುಲಗೇಶ ಒಬ್ಬನೇ ಅಲ್ಲ. ನಮ್ಮ ಕಡೆಯವರಲ್ಲಿ, ತೆಲಂಗಾಣದ ಪಾಲಮೂರು ಕಡೆಯವರಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ ಎಷ್ಟೋ ಜನ ಹಾಗೆ ಮಾಡಿದ್ದಾರೆ. ನಾನು ಎಷ್ಟು ಸಲ ಸೋತು ‘ಸರಿ’ ಎಂದು ಬರೆದೆನೋ ನೆನಪಿಲ್ಲ. ಆದರೆ ಗುರುತು ಹಿಡಿಯುವ ಒಂದು ದಾರಿಯಿದೆ. ನಿಜವಾಗಿ ಪರೀಕ್ಷೆ ಮಾಡಿದ ಕಡೆಯಲ್ಲೆಲ್ಲ ನಾನು ಅಂಕಿ ಬರೆಯುತ್ತಿದ್ದೆ, ಹತ್ತಕ್ಕೆ ಎಂಟು, ಹತ್ತಕ್ಕೆ ಆರು, ಹೀಗೆ. ಅಂಕಿಯಿಲ್ಲದೆ ಬರೀ ‘ಸರಿ’ ಎಂದಿರುವಲ್ಲಿ ಆ ಪಾದವನ್ನು ನಾನು ಮುಟ್ಟಿಲ್ಲ.

ನರಸಿಂಹ ಅವರನ್ನು ಕೇಳಿ ೨೦೦೯ರಿಂದ ೨೦೧೭ರವರೆಗಿನ ರಿಜಿಸ್ಟರುಗಳನ್ನು ಹೊರಗೆ ತೆಗೆಸು. ಡಾ. ಸುಮತಿಯವರ ಅನುಮತಿ ಪಡೆದುಕೊ, ನಾನೂ ಅವರಿಗೆ ಬೇರೆ ಬರೆದಿದ್ದೇನೆ. ಅಂಕಿಯಿಲ್ಲದ ‘ಸರಿ’ಗಳನ್ನೆಲ್ಲ ಪಟ್ಟಿ ಮಾಡು. ಕೆಲವರು ಊರು ಬಿಟ್ಟಿರುತ್ತಾರೆ, ಕೆಲವರು ಲೋಕವನ್ನೇ ಬಿಟ್ಟಿರುತ್ತಾರೆ. ಅವರ ಮಕ್ಕಳಿರುತ್ತಾರೆ, ತಮ್ಮಂದಿರಿರುತ್ತಾರೆ.

ನನಗೆ ಚೆನ್ನಾಗಿ ನೆನಪಿರುವ ಒಂದು ಹೆಸರಿದೆ. ಬೂದೆಪ್ಪ. ಬೇಗಂ ಬಜಾರಿನಲ್ಲಿ ಮೂಟೆ ಹೊರುತ್ತಿದ್ದ. ೨೦೧೧ರಲ್ಲಿ, ರಾತ್ರಿ ಪಾದ ಉರಿದು ಒದ್ದೆ ಗೋಣಿಚೀಲ ಸುತ್ತಿಕೊಂಡು ಮಲಗುತ್ತೇನೆ ಎಂದು ಹೇಳಿದ್ದ. ಅನ್ನಮ್ಮ ದುಡಿಯುವ ಗೋದಾಮಿನ ಸುತ್ತ ವಿಚಾರಿಸಿದರೆ ಯಾರಿಗಾದರೂ ಗೊತ್ತಿದ್ದೀತು.

ನಾನು ಬರುವವರೆಗೆ ಕಾಯಬೇಡ. ಈ ಕಾಗದ ಕೈಸೇರಿದ ಮರುದಿನ ಬೆಳಿಗ್ಗೆ ಗೋದಾಮಿನ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರು. ಬೂದೆಪ್ಪನೋ ಅವನ ಮನೆಯವರೋ ಯಾರು ಸಿಕ್ಕರೂ ಕರೆತಂದು ಕೂರಿಸಿ, ಪಾದದಿಂದ ಪ್ರಾರಂಭಿಸು.

ಗೋಪಿನಾಥ